ಎಡಸೀಟಿನ ಕ್ಲಚ್ಚು

ವರ್ಕ್‌ಶಾಪಿಗೆ ಹೊಸದಾಗಿ ಸೇರಿದ ಹುಡುಗರು ಮೊದಲ ದಿನವೇ ಸ್ಪ್ಯಾನರ್ ಕೇಳಿಕೊಂಡು ಬರುತ್ತಿದ್ದರು. ನಾನು ಕೊಡುತ್ತಿರಲಿಲ್ಲ. ಒಂದು ವಾರ ಬಸ್ಸಿನ ಬಾನೆಟ್ ಪಕ್ಕ ಕೈಕಟ್ಟಿ ನಿಂತು ಇಂಜಿನ್ನಿನ ಸದ್ದು ಕೇಳಿಸಿಕೊಳ್ಳಿ, ಆಮೇಲೆ ಸ್ಪ್ಯಾನರ್ ಮಾತು ಎನ್ನುತ್ತಿದ್ದೆ. ಬೆನ್ನ ಹಿಂದೆ ಅವರು ನನಗೆ ‘ಕಿವಿ ಸಾಬರು’ ಎಂದು ಹೆಸರಿಟ್ಟಿದ್ದರು. ಅದೂ ನನಗೆ ಕೇಳಿಸಿತ್ತು. ಕೇಳಿಸದವನ ಹಾಗೆ ಇದ್ದೆ.

ಈಗ ನಿವೃತ್ತನಾಗಿ ಮಂಡ್ಯದ ಮನೆಯ ಜಗಲಿಯಲ್ಲಿ ಕೂತಿದ್ದೇನೆ. ಆ ಹುಡುಗರಲ್ಲೇ ಇಬ್ಬರು ಮೂವರು ಬಂದು, ನಿಮ್ಮ ಕಾಲದ ಕೆಲಸ ಹೇಗಿತ್ತು ಬರೆದಿಡಿ ಎಂದು ಪೀಡಿಸುತ್ತಾರೆ. ನಾನು ಯಾವಾಗ ಫೋರ್‌ಮನ್ ಆದೆ, ಯಾರು ಸಹಿ ಹಾಕಿದರು ಎಂಬುದೆಲ್ಲ ಟ್ರಂಕಿನಲ್ಲಿರುವ ಕಾಗದಗಳಲ್ಲಿದೆ, ಬೇಕಾದವರು ತೆಗೆದು ಓದಿಕೊಳ್ಳಲಿ. ನಾನು ಬರೆಯುವುದು ಒಂದೇ ಒಂದು ಕಾರಿನ ಬಗ್ಗೆ. ಮೆಕ್ಯಾನಿಕ್ಕಿಗೆ ಕಿವಿ ಬೇಕು ಎಂದು ನಾನು ಕಲಿತದ್ದು ಆ ಕಾರಿನಿಂದ. ಕಲಿಸಿದವರು ಮದ್ದೂರಿನ ನಿಂಗಮ್ಮನವರು. ಅವರು ಜೀವಮಾನದಲ್ಲಿ ಒಂದು ನಟ್ಟು ಬಿಗಿಮಾಡಿದವರಲ್ಲ.

ನಮ್ಮ ಅಪ್ಪ ಮೇಜು ಕುರ್ಚಿಗಳಿಗೆ ಪಾಲಿಶ್ ಹಾಕುತ್ತಿದ್ದರು. ಸೀಸೆಯಲ್ಲಿ ಸ್ಪಿರಿಟ್ ತುಂಬಿ, ಅದಕ್ಕೆ ಅರಗಿನ ಚೂರು ಹಾಕಿ, ಬಿಸಿಲಿಗಿಟ್ಟು ಕರಗಿಸಿ, ಬಟ್ಟೆಯಲ್ಲದ್ದಿ ಮರಕ್ಕೆ ಉಜ್ಜುವುದು. ಸೀಸೆ ಅಲ್ಲಾಡಿಸುವುದು ಚಿಕ್ಕಂದಿನಿಂದ ನನ್ನ ಪಾಲಿನ ಕೆಲಸ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ನನ್ನ ಮಾನ ಹೋದದ್ದು ಇದರಿಂದಲೇ. ನನಗೆ ಆ ವಾಸನೆ ಸಾಕಾಗಿ, ಮಂಡ್ಯದ ಒಂದು ಗ್ಯಾರೇಜಿಗೆ ಸೇರಿಕೊಂಡೆ. ಅಲ್ಲಿನ ಉಸ್ತಾದರದು ಮಾತು ಕಡಿಮೆ, ಕೈ ಜಾಸ್ತಿ. ತಪ್ಪು ಮಾಡಿದರೆ ತಲೆಯ ಹಿಂಭಾಗಕ್ಕೆ ಒಂದು ಬೀಳುತ್ತಿತ್ತು, ತಪ್ಪು ಯಾವುದು ಎಂದು ನಾವೇ ಹುಡುಕಿಕೊಳ್ಳಬೇಕು.

ಎರಡನೇ ಮಹಾಯುದ್ಧಕ್ಕೆ ಒಂದು ವರ್ಷ ಮುಂಚೆ ಇರಬೇಕು, ಮದ್ದೂರಿನ ಚೆನ್ನೇಗೌಡರು ಗ್ಯಾರೇಜಿನ ಮುಂದೆ ಒಂದು ಹಸಿರು ಕಾರು ತಂದು ನಿಲ್ಲಿಸಿದರು. ಊರಿಗೆ ವಾಪಸು ಹೊರಟಿದ್ದ ಒಬ್ಬ ಇಂಗ್ಲಿಷ್ ಇಂಜಿನಿಯರ್ ದೊರೆಯಿಂದ ಕೊಂಡದ್ದು. ಎರಡೇ ಸೀಟು, ನೆಲಕ್ಕೆ ಹತ್ತಿದಂಥ ಮೈ, ಉದ್ದ ಬಾನೆಟ್, ಬಟ್ಟೆಯ ಹುಡ್ಡು. ಸ್ಪೋರ್ಟ್ಸ್ ಕಾರು ಎಂಬ ಮಾತನ್ನು ನಾನು ಕೇಳಿದ್ದು ಅಂದೇ ಮೊದಲು. ಗೌಡರಿಗೆ ನಲವತ್ತರ ಮೇಲೆ ವಯಸ್ಸು. ಒಳ್ಳೆ ಗದ್ದೆ, ಕಬ್ಬಿನ ತೋಟ, ಸ್ವಂತ ಆಲೆಮನೆ. ಮಗಳನ್ನು ಕೆರಗೋಡಿಗೆ ಕೊಟ್ಟು ಆಗಿತ್ತು. ತಲೆಯ ಮೇಲೆ ದೊಡ್ಡ ರುಮಾಲು. ಕಾರಿನೊಳಗೆ ಕೂತರೆ ಆ ರುಮಾಲು ಹುಡ್ಡಿಗೆ ತಗುಲಿ ಒಂದು ಪಕ್ಕಕ್ಕೆ ವಾಲಿಕೊಳ್ಳುತ್ತಿತ್ತು.

“ಲೇ, ಈ ಚಾವಣಿ ವಸಿ ಎತ್ತಕ್ಕಾಯ್ತದೇನ್ಲಾ?” ಎಂದರು ನನ್ನನ್ನು ನೋಡಿ.

“ರುಮಾಲು ತೆಗುದ್ರೆ ಆಯ್ತದಲ್ಲ ಗೌಡ್ರೇ,” ಎಂದುಬಿಟ್ಟೆ. ಉಸ್ತಾದರ ಕೈ ನನ್ನ ತಲೆಗೆ ಬಿತ್ತು.

ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಈ ಹೈದನ್ನೇ ಕಳ್ಸಿ ಸಾಬ್ರೆ. ತಿರುಗಿ ಮಾತಾಡೋನು ಬೇಕು ನಂಗೆ,” ಎಂದರು. ಅಂದಿನಿಂದ ವಾರಕ್ಕೆ ಎರಡು ದಿನ ನಾನು ಮದ್ದೂರಿಗೆ ಹೋಗಿ, ಗೌಡರ ಮನೆಯಲ್ಲೇ ಆ ಕಾರು ನೋಡಿಕೊಳ್ಳುವುದು ಎಂದಾಯಿತು.

ದನದ ಕೊಟ್ಟಿಗೆಯ ಅರ್ಧ ಭಾಗ ಕಾರಿಗೆ ಬಿಟ್ಟುಕೊಟ್ಟಿದ್ದರು. ಇಂಗ್ಲೆಂಡಿನ ರಸ್ತೆಗೆ ಮಾಡಿದ ಕಾರನ್ನು ನಮ್ಮ ಗಾಡಿಜಾಡಿಗೆ ಒಗ್ಗಿಸುವುದರಲ್ಲೇ ಮೊದಲ ವರ್ಷ ಕಳೆಯಿತು. ಹುಡ್ಡಿನ ಕಂಬಿಗಳನ್ನು ನಾಲ್ಕು ಬೆರಳು ಎತ್ತರಿಸಿದೆ, ರುಮಾಲು ನೆಟ್ಟಗಾಯಿತು. ಜಾಡಿನ ನಡುವಿನ ದಿಣ್ಣೆ ಕಾರಿನ ಹೊಟ್ಟೆ ಕೆರೆಯುತ್ತಿತ್ತು, ಕಮ್ಮಾರರಿಂದ ಎರಡೆರಡು ಪಟ್ಟಿ ಹೆಚ್ಚಿಗೆ ಬಡಿಸಿ ಸ್ಪ್ರಿಂಗ್ ಎತ್ತರಿಸಿದೆ. ಸೀಟಿನೊಳಗಿನ ಕುದುರೆಕೂದಲು ತೆಗೆದು ಬೂರುಗದ ಹತ್ತಿ ತುಂಬಿಸಿದೆವು. ಹಸಿರು ಬಣ್ಣ, ಎತ್ತಿದ ಹಿಂಭಾಗ, ಹೊರಡುವಾಗ ಒಂದು ನೆಗೆತ. ಊರವರು ಅದಕ್ಕೆ ‘ಗೌಡ್ರ ಕಪ್ಪೆ’ ಎಂದು ಹೆಸರಿಟ್ಟರು. ಗೌಡರ ಹೆಂಡತಿ ನಿಂಗಮ್ಮನವರು ಮಾತ್ರ ‘ನಮ್ ಸವತಿ’ ಎನ್ನುತ್ತಿದ್ದರು.

“ಉಂಡ್ಯಾ ಅಂತ ನನ್ನ ಒಂದು ದಿನ ಕೇಳಿಲ್ಲ ಕಣಪ್ಪ. ಎಣ್ಣೆ ಕುಡೀತಾ ಅಂತ ಅದನ್ನ ಮೂರೊತ್ತೂ ಕೇಳ್ತಾರೆ,” ಎಂದು ನನ್ನ ಹತ್ತಿರ ದೂರು. ದೂರುತ್ತಲೇ ನನಗೆ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದಿಡುತ್ತಿದ್ದರು. ಆ ಕಾರಿನಲ್ಲಿ ಅವರು ಒಂದು ಸಲವೂ ಕೂತಿರಲಿಲ್ಲ. ಗೌಡರೂ ಕರೆದಿದ್ದಿಲ್ಲ.

ಗೌಡರು ಓಡಿಸುತ್ತಿದ್ದುದನ್ನು ನೀವು ನೋಡಬೇಕಿತ್ತು. ಮದ್ದೂರಿನಿಂದ ಮಂಡ್ಯಕ್ಕೆ ಬರುವಾಗ ರೈಲು ಕಂಡರೆ ಮುಗಿಯಿತು, ಅದರ ಜೊತೆ ಪಂಥ. ಇಂಜಿನ್ ಡ್ರೈವರ್ ಕೈ ಬೀಸುತ್ತಿದ್ದ, ಇವರು ರುಮಾಲು ಬೀಸುತ್ತಿದ್ದರು. ಗ್ಯಾರೇಜಿಗೆ ಬಂದು ಇಳಿದಾಗ ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿರುತ್ತಿತ್ತು.

ಯುದ್ಧ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಕಬ್ಬು ಕಡಿದ ಗದ್ದೆಯಲ್ಲಿ ಬರಿಗಾಲಲ್ಲಿ ನಡೆಯುವಾಗ ಗೌಡರ ಎಡಗಾಲಿಗೆ ಕೂಳೆ ಚುಚ್ಚಿತು. ರೈತನ ಕಾಲಿಗೆ ಅದೇನು ದೊಡ್ಡದಲ್ಲ. ಆದರೆ ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಗಾಯ ಮಾಯಲಿಲ್ಲ, ಕಪ್ಪಗಾಯಿತು. ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ತಿಂಗಳಾದ ಮೇಲೆ ಬಂದಾಗ ಎಡಗಾಲು ಮೊಣಕಾಲಿನ ಮೇಲಿಂದಲೇ ಇರಲಿಲ್ಲ.

ನಾನು ನೋಡಲು ಹೋದಾಗ ಅವರು ಕೊಟ್ಟಿಗೆಯಲ್ಲಿದ್ದರು. ಕಾರಿನೊಳಗೆ ಕೂತು, ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು, ಎದುರಿಗಿದ್ದ ಗೋಡೆ ನೋಡುತ್ತಿದ್ದರು. ಊರುಗೋಲು ಪಕ್ಕದ ಸೀಟಿನಲ್ಲಿತ್ತು.

“ಬಂದಾ ಗಫೂರ. ಬ್ರೇಕಿಗೆ ಕಾಲದೆ, ಆಕ್ಸಿಲೇಟ್ರಿಗೆ ಕಾಲದೆ. ಕ್ಲಚ್ಚಿಗೆ ಇಲ್ಲ ಕಣ್ಲಾ,” ಎಂದರು.

ನಾನು ಟೈರಿನ ಗಾಳಿ ನೋಡುವವನ ಹಾಗೆ ಬಗ್ಗಿದೆ. ಅವರು ದಿನಾ ಸಂಜೆ ಹೀಗೇ ಬಂದು ಕೂರುತ್ತಾರೆ, ದೀಪ ಹಚ್ಚುವ ಹೊತ್ತಿಗೆ ಎದ್ದು ಬರುತ್ತಾರೆ, ಊಟ ಸರಿಯಾಗಿ ಮಾಡುವುದಿಲ್ಲ ಎಂದು ಆಮೇಲೆ ನಿಂಗಮ್ಮನವರು ಹೇಳಿದರು.

ಡ್ರೈವರ್ ಇಟ್ಟುಕೊಳ್ಳಿ ಎಂದು ಎಲ್ಲರೂ ಹೇಳಿದರು. ಗೌಡರು ಒಪ್ಪಲಿಲ್ಲ. “ನಾನು ಎಡಕ್ಕೆ ಕೂತ್ಕಂಡು ಇನ್ನೊಬ್ಬ ಓಡ್ಸೋದು ನೋಡ್ಬೇಕಾ? ಅದರ ಬದಲು ಮಾರ್ತೀನಿ,” ಎಂದರು. ಬೆಂಗಳೂರಿನ ಒಬ್ಬರಿಗೆ ಕಾಗದವನ್ನೂ ಬರೆಸಿಬಿಟ್ಟರು. ದೀಪಾವಳಿ ಕಳೆದ ಮೇಲೆ ಬಂದು ನೋಡುತ್ತೇವೆ ಎಂದು ಉತ್ತರ ಬಂತು. ನನಗೆ ಚಿಂತೆ ಹತ್ತಿತು. ಕಾರು ಹೋಗುತ್ತದೆ ಎಂದು ಮಾತ್ರವಲ್ಲ, ಕಾರು ಹೋದ ಮೇಲೆ ಈ ಮನುಷ್ಯ ಆ ಖಾಲಿ ಕೊಟ್ಟಿಗೆಯಲ್ಲಿ ಏನು ನೋಡಿಕೊಂಡು ಕೂರುತ್ತಾರೆ ಎಂದು.

ನಾನು ಮೊದಲು ಮಾಡಿದ್ದು ಕೈಯಿಂದ ಎಳೆಯುವ ಕ್ಲಚ್ಚು. ಪೆಡಲಿಗೆ ಒಂದು ಸಲಾಕೆ ಕಟ್ಟಿ, ಗೇರ್ ಹಿಡಿಯ ಪಕ್ಕಕ್ಕೆ ತಂದೆ. ಯೋಚನೆ ನನಗೆ ಬಹಳ ಚೆನ್ನಾಗಿ ಕಂಡಿತು. ಆದರೆ ಗೇರು ಬದಲಾಯಿಸುವುದೂ ಎಡಗೈಯೇ, ಕ್ಲಚ್ಚು ಎಳೆಯುವುದೂ ಎಡಗೈಯೇ. ಬಲಗೈ ಸ್ಟಿಯರಿಂಗಿಗೆ. ಎಳೆದ ಸಲಾಕೆ ಬಿಟ್ಟು ಗೇರು ಹಿಡಿಯುವಷ್ಟರಲ್ಲಿ ಕ್ಲಚ್ಚು ಬಿಟ್ಟುಕೊಂಡಿರುತ್ತಿತ್ತು. ಕಣದಲ್ಲಿ ಓಡಿಸಿ ನೋಡಿದ ದಿನ, ಗೌಡರು ಎರಡೂ ಕೈಯಿಂದ ಸಲಾಕೆ ಎಳೆಯಲು ಹೋಗಿ ಸ್ಟಿಯರಿಂಗ್ ಬಿಟ್ಟರು. ಕಪ್ಪೆ ನೇರವಾಗಿ ಹುಲ್ಲಿನ ಮೆದೆಯೊಳಗೆ ನುಗ್ಗಿತು. ಹುಲ್ಲು ಕೊಡವಿಕೊಂಡು ಇಳಿದ ಗೌಡರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಸಾಕು ಬುಡ್ಲಾ,” ಎಂದು ಊರುಗೋಲು ಕೇಳಿದರು.

ಕಾರನ್ನು ಮೆದೆಯಿಂದ ಕೊಟ್ಟಿಗೆಗೆ ತರಬೇಕಿತ್ತಲ್ಲ. ಗೌಡರೇ ಬಲಗಡೆ ಕೂತರು, ನಾನು ಎಡಸೀಟಿನಿಂದ ಬಲಗಾಲು ಅಡ್ಡ ಚಾಚಿ ಅವರ ಕ್ಲಚ್ಚು ಒತ್ತಿದೆ. ಅವರು ಗೇರು ಹಾಕಿದರು, ನಾನು ಮೆಲ್ಲಗೆ ಬಿಟ್ಟೆ. ಕಾರು ಬೆಣ್ಣೆಯಂತೆ ಹಿಂದಕ್ಕೆ ಬಂತು. ಗೌಡರು ನನ್ನ ಮುಖ ನೋಡಿದರು. ಕೊಟ್ಟಿಗೆ ಬಾಗಿಲು ಬಂದರೂ ನಿಲ್ಲಿಸದೆ ಕಣವನ್ನು ಎರಡು ಸುತ್ತು ಹಾಕಿದೆವು. ಮೂರನೇ ಸುತ್ತಿನಲ್ಲಿ ನನ್ನ ತೊಡೆ ಹಿಡಿದುಕೊಂಡಿತು, ನಿಲ್ಲಿಸಿದೆವು.

“ನೀನು ಮಂಡ್ಯದಾಗಿರ್ತೀಯ,” ಎಂದರು ಗೌಡರು, ನಾನು ಏನೋ ಹೇಳಿದೆ ಎಂಬಂತೆ. “ದಿನಾ ಯಾವನ ಕಾಲು ತರಾನ?”

ಕಣದ ಅಂಚಿನಲ್ಲಿ ನಿಂಗಮ್ಮನವರು ಮೊರ ಹಿಡಿದು ನಿಂತು ಎಲ್ಲ ನೋಡಿದ್ದರು. ನಾನು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಹಿಂದೆಯೇ ಬಂದರು.

“ಗಫೂರಪ್ಪ, ಆ ಒತ್ತೋದು ಎಡಗಡೀಕೆ ಬರೋ ಅಂಗೆ ಮಾಡಕ್ಕಾಯ್ತದಾ? ಕಾಲು ಚಾಚ್ದಂಗೆ?”

“ಮಾಡ್ಬೋದು ಅಮ್ಮಾವ್ರೆ. ಆದ್ರೆ ಒತ್ತೋರು ಯಾರು?”

“ಅವರ್ದೊಂದು ಓದ್ರೆ ನಂದೆರಡು ಅವಲ್ಲ,” ಎಂದರು. ಹೇಳಿ, ನಾಚಿಕೆಯಾದವರ ಹಾಗೆ ಸೆರಗು ಸರಿಮಾಡಿಕೊಂಡು, “ಸವತಿ ಮನೆಗೆ ಓಗೋ ಕಾಲ ಬಂತು ನೋಡು,” ಎಂದು ಒಳಗೆ ಹೋದರು.

ಅಂದಿನಿಂದ ದೀಪಾವಳಿಗೆ ಇದ್ದದ್ದು ಹದಿನೈದು ದಿನ. ಆಲೆಮನೆಯ ಹಳೆಯ ಗಾಣದಲ್ಲಿ ಒಂದು ಒಳ್ಳೆ ಕಬ್ಬಿಣದ ಅಚ್ಚು ಸಿಕ್ಕಿತು. ಅದನ್ನು ಉಸ್ತಾದರ ಲೇತಿನಲ್ಲಿ ಸವೆಸಿ, ಗೌಡರ ಪೆಡಲಿನ ಬುಡದಿಂದ ಗೇರ್‌ಬಾಕ್ಸಿನ ಮೇಲೆ ಹಾಯಿಸಿ ಎಡಗಡೆಗೆ ತಂದು, ಅಲ್ಲೊಂದು ಪೆಡಲು ಕೂರಿಸಿದೆ. ಎರಡೂ ಒಂದೇ ಅಚ್ಚಿಗೆ ಸೇರಿದವು. ಒಂದನ್ನು ಒತ್ತಿದರೆ ಇನ್ನೊಂದೂ ಕೆಳಗೆ ಹೋಗುತ್ತದೆ. ಕೇಳಿದರೆ ಸುಲಭ. ಅಚ್ಚು ಕೂದಲೆಳೆ ವಾರೆಯಾದರೂ ಪೆಡಲು ಮೇಲೆ ಬರದೆ ಸಿಕ್ಕಿಕೊಳ್ಳುತ್ತಿತ್ತು. ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದೆ. ಉಸ್ತಾದರು ಒಂದು ಸಂಜೆ ತಾವೇ ಮದ್ದೂರಿಗೆ ಬಂದು, ಕಾರಿನ ಕೆಳಗೆ ಮಲಗಿ ನೋಡಿ, ಎದ್ದು ಬಂದು ನನ್ನ ತಲೆಗೆ ಕೈ ಎತ್ತಿದರು. ನಾನು ತಲೆ ತಗ್ಗಿಸಿದೆ. ಅವರು ತಟ್ಟಿದರು ಅಷ್ಟೆ. ನನ್ನ ಸರ್ವೀಸಿನಲ್ಲಿ ನನಗೆ ಸಿಕ್ಕ ಬಹುಮಾನ ಅದೊಂದೇ ಎಂದು ಈಗಲೂ ಎಣಿಸುತ್ತೇನೆ.

ಎಲ್ಲ ತಯಾರಾದ ಮೇಲೆ ಒಂದು ಕಷ್ಟ ಬಂತು. ಅದು ಯಾವ ಮೆಕ್ಯಾನಿಕ್ಕಿನ ಲೆಕ್ಕಕ್ಕೂ ಬರುವಂಥದ್ದಲ್ಲ. ನಿಂಗಮ್ಮನವರು ಎಡಸೀಟಿನಲ್ಲಿ ಕೂತರು, ಪೆಡಲು ನೋಡಿದರು, ಕಾಲು ಹಿಂದಕ್ಕೆ ಎಳೆದುಕೊಂಡರು.

“ಮೊನ್ನೆ ಆಯುಧಪೂಜೇಲಿ ಅರಿಶಿನ ಕುಂಕುಮ ಇಟ್ಟಿವ್ನಿ ಇದಕ್ಕೆ. ಕಾಲಲ್ಲಿ ಎಂಗೆ ಒತ್ಲಿ?”

“ನಾನು ಇಷ್ಟು ವರ್ಷ ಕಾಲಲ್ಲೇ ತಾನೆ ಒತ್ತಿದ್ದು?” ಎಂದರು ಗೌಡರು.

“ಅದಕ್ಕೇ ಕಾಲು ಓಯ್ತು,” ಎಂದುಬಿಟ್ಟರು ನಿಂಗಮ್ಮನವರು.

ಆಡಿದ ಮಾತು ಅವರಿಗೇ ಚುಚ್ಚಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗೌಡರು ಗೋಡೆ ನೋಡುತ್ತಾ ಕೂತರು. ನಮ್ಮ ಮನೆಯಲ್ಲಿ ರೊಟ್ಟಿ ತುಣುಕು ನೆಲಕ್ಕೆ ಬಿದ್ದು ಕಾಲಿಗೆ ತಗುಲಿದರೆ ಅಮ್ಮ ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಅದು ನೆನಪಾಗಿ, “ಅಮ್ಮಾವ್ರೆ, ಮೊದ್ಲು ಕೈಲಿ ಮುಟ್ಟಿ ಕಣ್ಣಿಗೊತ್ಕಳಿ. ಆಮೇಲೆ ಕಾಲಿಡಿ. ದೇವ್ರು ಅಷ್ಟು ತಿಳ್ಕೊಳ್ಳಲ್ವಾ?” ಎಂದೆ.

ಅವರು ಬಗ್ಗಿ ಪೆಡಲು ಮುಟ್ಟಿ ಎರಡೂ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಬರಿಗಾಲು ಇಟ್ಟರು. ಕಾಲುಂಗುರ ಕಬ್ಬಿಣಕ್ಕೆ ತಗುಲಿ ಟಿಣ್ ಎಂದಿತು.

“ಒತ್ತೇ,” ಎಂದರು ಗೌಡರು. ಪೆಡಲು ಕೆಳಗೆ ಹೋಯಿತು. ಗೇರು ಬಿತ್ತು. “ಬುಡೇ.” ನಿಂಗಮ್ಮನವರು ಬೆಂಕಿ ತುಳಿದವರ ಹಾಗೆ ಒಂದೇ ಸಲ ಕಾಲು ಎತ್ತಿಬಿಟ್ಟರು. ಕಪ್ಪೆ ನಿಜವಾದ ಕಪ್ಪೆಯ ಹಾಗೆ ನೆಗೆದು, ಕೆಮ್ಮಿ, ನಿಂತುಹೋಯಿತು.

ಕಣದಲ್ಲಿ ಹತ್ತು ದಿನ ಇದೇ ಪಾಠ. ಒತ್ತು, ಬುಡು, ಮೆಲ್ಲಗೆ ಬುಡು, ಅಯ್ಯೋ ಬುಡಬ್ಯಾಡ. ಬೇಲಿಯ ಮೇಲೆ ಕೂತು ನೋಡುವವರಿಗೆ ಅದಕ್ಕಿಂತ ದೊಡ್ಡ ನಾಟಕ ಬೇಕಿರಲಿಲ್ಲ. ಪೆಡಲಿಗೆ ರಬ್ಬರು ಹೊದಿಸುತ್ತೇನೆ, ಕಾಲುಂಗುರ ಜಾರುತ್ತದೆ ಎಂದೆ. ಗೌಡರು ಬೇಡ ಎಂದರು. ಆ ಟಿಣ್ ಎನ್ನುವ ಸದ್ದು ಕೇಳಿದರೆ ಅವಳ ಕಾಲು ಪೆಡಲ ಮೇಲಿದೆ ಎಂದು ನನಗೆ ಗೊತ್ತಾಗುತ್ತದೆ, ತಿರುಗಿ ನೋಡಬೇಕಾಗುವುದಿಲ್ಲ ಎಂದರು.

ದೀಪಾವಳಿ ಮುಗಿದು ಬೆಂಗಳೂರಿನವರು ರೈಲಿನಲ್ಲಿ ಬಂದರು. ಅವರನ್ನು ಕರೆತರಲು ಸ್ಟೇಷನ್ನಿಗೆ ಹೋದದ್ದು ಕಪ್ಪೆಯೇ. ಗೌಡರು ಓಡಿಸುತ್ತಿದ್ದರು, ನಿಂಗಮ್ಮನವರು ಪಕ್ಕದಲ್ಲಿ. ಮಾರುವುದಿಲ್ಲ ಎಂದು ಸ್ಟೇಷನ್ನಿನಲ್ಲೇ ಹೇಳಿ, ಕೈಗೆ ಒಂದು ಗೊನೆ ಬಾಳೆಹಣ್ಣು ಕೊಟ್ಟು, ಮುಂದಿನ ರೈಲಿಗೆ ಹತ್ತಿಸಿದರು.

ಆಮೇಲಿನ ನಾಲ್ಕು ವರ್ಷ ಆ ಇಬ್ಬರೂ ಸೇರಿ ಓಡಿಸಿದ ಹಾಗೆ ಕಾರು ಓಡಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷ ಒಬ್ಬರಿಗೊಬ್ಬರು ಆಡದಷ್ಟು ಮಾತು ಆ ಕಾರಿನಲ್ಲಿ ಆಡಿದರು. ಅರ್ಧ ಜಗಳ, ಅರ್ಧ ಗೇರು. ಒಂದು ಸಲ ಯಲಿಯೂರಿನ ನೆಂಟರ ಮನೆಯಲ್ಲಿ ನಿಂಗಮ್ಮನವರ ತಮ್ಮನ ಬಗ್ಗೆ ಗೌಡರು ಏನೋ ಹಗುರವಾಗಿ ಮಾತಾಡಿದರಂತೆ. ಹೊರಡುವಾಗ ಆಕೆ ಒಂದು ಸಲ ಒತ್ತಿ ಬಿಟ್ಟರು, ಮೊದಲನೇ ಗೇರಿನಲ್ಲಿ ಕಾರು ಹೊರಟಿತು. ಆಮೇಲೆ ಎರಡೂ ಕಾಲು ಸೀಟಿನ ಮೇಲೆ ಮಡಚಿ ಚಕ್ಕಳಮಕ್ಕಳ ಹಾಕಿಕೊಂಡು ಕೂತುಬಿಟ್ಟರು. ಒತ್ತೇ ಎಂದರೆ ಕೇಳಿಸದು. ಮೊದಲನೇ ಗೇರಿನಲ್ಲೇ ಗುಂಯ್‌ಗುಡುತ್ತಾ, ಎತ್ತಿನ ಗಾಡಿಗಳಿಗೆಲ್ಲ ದಾರಿ ಬಿಡುತ್ತಾ, ರೇಡಿಯೇಟರ್ ಕುದಿಸಿಕೊಂಡು ನಮ್ಮ ಗ್ಯಾರೇಜಿನ ಮುಂದೆ ಬಂದು ನಿಂತರು.

“ಇಂಜಿನ್ನಿಗೆ ಏನಾಯ್ತು ಗೌಡ್ರೇ?” ಎಂದೆ.

“ಇಂಜಿನ್ನಿಗೆ ಏನೂ ಆಗಿಲ್ಲ ಕಣ್ಲಾ. ಕ್ಲಚ್ಚಿಗೆ ಕ್ವಾಪ ಬಂದದೆ.”

ನಿಂಗಮ್ಮನವರು ರಸ್ತೆಯ ಕಡೆ ಮುಖ ಮಾಡಿದ್ದರು. ಆದರೆ ಅವರ ಹೆಗಲು ಕುಲುಕುತ್ತಿತ್ತು, ನಗು ತಡೆಯುತ್ತಿದ್ದರು.

ಇನ್ನು ನನ್ನ ಮಾನ ಹೋದ ಕಥೆ. ಹುಡುಗರೇ, ಇದನ್ನು ಎರಡು ಸಲ ಓದಿ. ಆ ಕಾರಿನ ಕಾರ್ಬುರೇಟರಿನೊಳಗೆ ಒಂದು ಬೆಂಡಿನ ತುಂಡು ಪೆಟ್ರೋಲಿನ ಮೇಲೆ ತೇಲುತ್ತಿತ್ತು. ಪೆಟ್ರೋಲು ಸಾಕಷ್ಟು ತುಂಬಿದಾಗ ಬೆಂಡು ಮೇಲೆದ್ದು ಅದು ಒಳಬರುವ ಬಾಗಿಲು ಮುಚ್ಚುತ್ತದೆ. ಬೆಂಡು ಹಳತಾಗಿ ಎಣ್ಣೆ ಹೀರಲು ಶುರುಮಾಡಿತು. ಯುದ್ಧಕಾಲ, ಹೊಸದು ಸಿಗದು. ನಾನು ಪಾಲಿಶ್ ಸಾಬರ ಮಗನಲ್ಲವೇ, ಅರಗು ಕರಗಿಸಿ ಬೆಂಡಿಗೆ ಮೂರು ಸಲ ಬಳಿದೆ. ಕನ್ನಡಿಯ ಹಾಗೆ ಹೊಳೆಯಿತು. ಆರು ತಿಂಗಳು ಚೆನ್ನಾಗಿ ನಡೆಯಿತು. ಅಷ್ಟರಲ್ಲಿ ಪೆಟ್ರೋಲಿಗೆ ಬರಗಾಲ ಬಂದು, ಕಬ್ಬಿನ ಕಾಕಂಬಿಯಿಂದ ಇಳಿಸಿದ ಸ್ಪಿರಿಟ್ ಬೆರೆಸಿ ಕೊಡಲು ಶುರುಮಾಡಿದರು. ನಾನು ಬಹಳ ಜಾಣತನದಿಂದ ಇಂಜಿನ್ನಿಗೆ ಎಣ್ಣೆ ಬಿಡುವ ಜೆಟ್ಟಿನ ತೂತು ದೊಡ್ಡದು ಮಾಡಿ ಇಂಜಿನ್ನನ್ನು ಹೊಸ ಎಣ್ಣೆಗೆ ಒಗ್ಗಿಸಿದೆ. ಬೆಂಡಿನ ಮೇಲಿನ ಅರಗು ಮಾತ್ರ ತಲೆಗೆ ಹೊಳೆಯಲೇ ಇಲ್ಲ.

ಮಳವಳ್ಳಿಯಲ್ಲಿ ನಿಂಗಮ್ಮನವರ ತಮ್ಮನ ಮನೆ ಗೃಹಪ್ರವೇಶ. ನನ್ನನ್ನೂ ಕರೆದಿದ್ದರು, ಹಿಂದುಗಡೆ ಹುಡ್ಡು ಮಡಚಿಡುವ ಜಾಗದಲ್ಲಿ ಮುದುರಿಕೊಂಡು ಕೂತಿದ್ದೆ. ಮದ್ದೂರು ದಾಟುತ್ತಿದ್ದ ಹಾಗೆ ನಿಂಗಮ್ಮನವರು, “ಇವತ್ತು ಇದರ ಗಂಟಲು ಸರಿಯಾಗಿಲ್ಲ,” ಎಂದರು.

“ಏನಿಲ್ಲ ಅಮ್ಮಾವ್ರೆ, ಎಣ್ಣೆ ಬೇರೆ ಅಲ್ವಾ, ಅದಕ್ಕೆ ಅಂಗೆ,” ಎಂದೆ.

“ಎಣ್ಣೆ ಓದ್ವಾರವೂ ಇದೇ ಇತ್ತು ಕಣಪ್ಪ. ಇವತ್ತು ಎಂಜಲು ನುಂಗಿದಂಗೆ ಕೇಳ್ತಾ ಅದೆ.”

ಹೆಂಗಸರ ಮಾತು ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಅರ್ಧ ದಾರಿಯಲ್ಲಿ ಕಪ್ಪು ಹೊಗೆ ಬಿಟ್ಟು, ಸ್ಪಿರಿಟ್ ವಾಸನೆ ಕಾರಿ, ಕಪ್ಪೆ ನಿಂತುಹೋಯಿತು. ಬಿಚ್ಚಿದರೆ ಬೆಂಡು ಬೋಳಾಗಿ ತಳದಲ್ಲಿ ಮುಳುಗಿದೆ, ಸುತ್ತ ಒಳ್ಳೆ ಜೇನುಬಣ್ಣದ ಪಾಲಿಶ್. ನಮ್ಮ ಅಪ್ಪ ಬಿಸಿಲಲ್ಲಿಟ್ಟು ಮಾಡುತ್ತಿದ್ದ ಅದೇ ಪಾಲಿಶ್. ಹುಟ್ಟಿದಾಗಿನಿಂದ ಸ್ಪಿರಿಟ್ಟಿನಲ್ಲಿ ಅರಗು ಕರಗಿಸಿದ ನಾನು, ಅರಗು ಬಳಿದ ಬೆಂಡನ್ನು ಸ್ಪಿರಿಟ್ಟಿನಲ್ಲಿ ಮುಳುಗಿಸಿದ್ದೆ. ಅಲ್ಲೇ ಭೂಮಿ ಬಾಯಿಬಿಡಲಿ ಎನ್ನಿಸಿತು.

ಕಬ್ಬಿನ ಗಾಡಿಯವರ ಎತ್ತು ಕಟ್ಟಿ ಎಳೆಸಿಕೊಂಡು ಮಳವಳ್ಳಿ ಸೇರುವಷ್ಟರಲ್ಲಿ ಊಟದ ಎಲೆ ಎತ್ತಿ ಆಗಿತ್ತು. ನಾನು ಗೌಡರ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಅವರು, “ಲೇ, ಕಾರ್ಬುರೇಟ್ರಿಗೆ ಪಾಲಿಶ್ ಕುಡಿಸ್ದೋನು ಈ ಸೀಮೇಲಿ ನೀನೊಬ್ನೇ ಕಣ್ಲಾ, ಒಳಗೆಲ್ಲ ಮಿರಮಿರ ಮಿಂಚ್ತಿರ್ಬೇಕು,” ಎಂದು ನಕ್ಕರು. ನಿಂಗಮ್ಮನವರು ನಗಲಿಲ್ಲ. “ನಾನು ಏಳ್ದಾಗ ನೀನು ಕೇಳ್ನಿಲ್ಲ,” ಎಂದರು ಅಷ್ಟೆ. ತಾಮ್ರದ ಕೆಲಸದವರಿಂದ ಹಿತ್ತಾಳೆ ತಗಡಿನ ಪುಟ್ಟ ಡಬ್ಬಿ ಮಾಡಿಸಿ, ಬೆಸುಗೆ ಹಾಕಿಸಿ, ಬೆಂಡಿನ ಬದಲು ಇಟ್ಟೆ. ಅದು ಕೊನೆಯವರೆಗೂ ತೇಲಿತು. ಅವತ್ತಿನಿಂದ ಆ ಕಾರಿನ ಬಗ್ಗೆ ನಾನು ಮೊದಲು ಕೇಳುತ್ತಿದ್ದದ್ದು ನಿಂಗಮ್ಮನವರನ್ನು. ಟ್ಯಾಪೆಟ್ ಸಡಿಲವಾದರೆ ‘ಗೆಜ್ಜೆ ಕಟ್ಕಂಡದೆ’ ಎನ್ನುವರು, ಪ್ಲಗ್ಗು ಹೋದರೆ ‘ಮೂರೇ ಕಾಲಲ್ಲಿ ನಡೀತಾ ಅದೆ’ ಎನ್ನುವರು. ಒಂದು ಸಲವೂ ತಪ್ಪಲಿಲ್ಲ.

ಬರಬರುತ್ತಾ ಗೌಡರು ಒತ್ತೇ ಬುಡೇ ಎನ್ನುವುದೇ ನಿಂತುಹೋಯಿತು. ಇಂಜಿನ್ ಸದ್ದು ಏರುತ್ತಿದ್ದ ಹಾಗೆ ಟಿಣ್ ಎನ್ನುತ್ತಿತ್ತು, ಗೇರು ಬೀಳುತ್ತಿತ್ತು. ಇಬ್ಬರೂ ಮಳೆಯ ಬಗ್ಗೆಯೋ ಮಗಳ ಬಗ್ಗೆಯೋ ಮಾತಾಡಿಕೊಂಡಿರುತ್ತಿದ್ದರು, ಆ ಮಾತು ಕಡಿಯುತ್ತಲೇ ಇರಲಿಲ್ಲ. ಕಾರು ನಿಂತಾಗ ಗೌಡರೇ ಮೊದಲು ಇಳಿದು, ಬಾನೆಟ್ ಹಿಡಿದು ಒಂಟಿಕಾಲಲ್ಲಿ ಸುತ್ತಿ ಬಂದು, ಆಕೆಯ ಬಾಗಿಲು ತೆಗೆಯುತ್ತಿದ್ದರು. ಹಿಂದೆ ಮುದುರಿ ಕೂತ ನಾನು ಅದನ್ನು ನೋಡುತ್ತಾ ಮದುವೆಯಾಗಬೇಕು ಎಂದುಕೊಂಡೆ.

ಯುದ್ಧ ಮುಗಿದ ಮರುವರ್ಷ ಗೌಡರ ಇನ್ನೊಂದು ಕಾಲಿಗೂ ಹುಣ್ಣಾಯಿತು. ಈ ಸಲ ಆಸ್ಪತ್ರೆಗೆ ಹೋಗಲು ಒಪ್ಪಲಿಲ್ಲ. ನಾನು ನೋಡಲು ಹೋದಾಗ ಜ್ವರದಲ್ಲಿದ್ದರು. “ಕಪ್ಪೆ ಕುಡೀತೇನ್ಲಾ?” ಎಂದು ಕೇಳಿದರು. “ಕುಡೀತು ಗೌಡ್ರೇ,” ಎಂದೆ. ಆ ವಾರವೇ ತೀರಿಕೊಂಡರು. ನಾನು ಅವರ ಮನೆಯ ಹಿತ್ತಲಲ್ಲಿ ನಿಂತು ಅತ್ತೆ. ಅಪ್ಪ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷ ನಿಂಗಮ್ಮನವರಿಂದ ಕರೆ ಬಂತು. ಕಾರನ್ನು ಮಳವಳ್ಳಿಯ ಒಬ್ಬ ಕಂಟ್ರಾಕ್ಟರಿಗೆ ಕೊಟ್ಟಿದ್ದರು. ಅವನು ಒಳ್ಳೆಯವನೇ. ಎಡಗಡೆಯ ಪೆಡಲು ಮಾತ್ರ ತೆಗೆಸಿ ಕೊಡಬೇಕು, ಜನ ನಗುತ್ತಾರೆ ಎಂದಿದ್ದ.

“ಯಾಕಮ್ಮಾವ್ರೆ ಕೊಟ್ರಿ? ನಾನು ಬಂದು ನೋಡ್ಕೋತಿದ್ದೆ,” ಎಂದೆ.

“ನಿಂತಿರೋ ಕಾರು ನೋಡಕ್ಕಾಗಲ್ಲ ಕಣಪ್ಪ. ಕಾಲು ಓದಾಗ ಅದರೊಳಗೆ ಅವರು ದಿನಾ ಕೂತಿರ್ತಿದ್ದದ್ದನ್ನ ನೋಡಿವ್ನಿ, ಸಾಕು,” ಎಂದರು. ಆಮೇಲೆ, “ನಾನೂ ಬತ್ತೀನಿ. ಸವತಿನ ಗಂಡನ ಮನೆಗೆ ನಾನೇ ಬುಟ್ಟು ಬತ್ತೀನಿ,” ಎಂದರು. ಮೊದಲಿನ ಹಾಗೇ ತಮಾಷೆಯಾಗಿ ಹೇಳಿದರು. ಗೌಡರು ಹೋದ ಮೇಲೆ ಆಕೆ ಯಾರ ಮುಂದೆಯೂ ಕಣ್ಣೀರು ಹಾಕಿಲ್ಲ ಎಂದು ಮಗಳು ನನಗೆ ಹೇಳಿದ್ದಳು.

ಪೆಡಲನ್ನು ಅಂದು ಬೆಳಿಗ್ಗೆ ತೆಗೆಯಬೇಕಿತ್ತು. ಸ್ಪ್ಯಾನರ್ ಹಿಡಿದು ಬಗ್ಗಿದೆ, ಸವೆದ ಕಬ್ಬಿಣದ ಮೇಲೆ ಕಾಲುಂಗುರ ಉಜ್ಜಿದ ಎರಡು ಗೆರೆ ಕಂಡವು. ಮಳವಳ್ಳಿಯಲ್ಲೇ ತೆಗೆದರಾಯಿತು ಎಂದು ಎದ್ದೆ.

ನಾನು ಗೌಡರ ಸೀಟಿನಲ್ಲಿ ಕೂತೆ. ನಿಂಗಮ್ಮನವರು ಎಡಗಡೆ ಕೂತು, ಬಗ್ಗಿ ಪೆಡಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಅಭ್ಯಾಸ ಎಂದುಕೊಂಡೆ. ನಾನೇ ಕ್ಲಚ್ಚು ಒತ್ತಿ, ಮೊದಲನೇ ಗೇರು ಹಾಕಿ, ಹೊರಟೆ. ಬೀದಿಯ ತಿರುವು ದಾಟಿ ಮಳವಳ್ಳಿ ರಸ್ತೆಗೆ ಬಂದೆವು. ಇಂಜಿನ್ ಸದ್ದು ಏರಿತು. ಎರಡನೇ ಗೇರಿಗೆ ಎಂದು ಎಡಗಾಲು ಎತ್ತಿ ಪೆಡಲ ಮೇಲಿಟ್ಟೆ. ಪೆಡಲು ಆ ಹೊತ್ತಿಗಾಗಲೇ ಕೆಳಗೆ ಹೋಗಿತ್ತು.

ಟಿಣ್ ಎಂಬ ಸದ್ದು ಬಂದಿರಲಿಲ್ಲ. ಕಾಲುಂಗುರ ತೆಗೆದು ವರ್ಷವಾಗುತ್ತಾ ಬಂದಿತ್ತು.

ನಾನು ಪಕ್ಕಕ್ಕೆ ನೋಡಿದೆ. ಆಕೆ ರಸ್ತೆ ನೋಡುತ್ತಿದ್ದರು. “ಗೇರು ಆಕಪ್ಪ. ಯಾಕೆ ಸುಮ್ಕೆ ಕೂತಿದ್ದೀಯೆ? ಕೂಗ್ತಾ ಇಲ್ವಾ ಅದು?” ಎಂದರು.

ಗೇರು ಹಾಕಿದೆ. ಪೆಡಲು ಮೆಲ್ಲಗೆ ಮೇಲೆ ಬಂತು, ಒಂದು ಚೂರೂ ಕುಲುಕದೆ. ನಾನು ಎಡಗಾಲನ್ನು ಹಿಂದಕ್ಕೆ ಎಳೆದು ಸೀಟಿನ ಕೆಳಗೆ ಮಡಚಿಟ್ಟುಕೊಂಡೆ. ಆಮೇಲೆ ಮಳವಳ್ಳಿಯವರೆಗೂ ಅದನ್ನು ಆಚೆ ತೆಗೆಯಲಿಲ್ಲ. ಏರಿನಲ್ಲಿ, ಇಳಿಜಾರಿನಲ್ಲಿ, ದನ ಅಡ್ಡ ಬಂದಲ್ಲಿ, ಎಲ್ಲ ಕಡೆ ಆಕೆ ಒತ್ತಿದರು, ನಾನು ಗೇರು ಹಾಕಿದೆ. ದಾರಿಯುದ್ದಕ್ಕೂ ಮಾತಾಡಿದರು. ಈ ಸಲ ಮಳೆ ಹಿಂದೆ ಬಿತ್ತು, ಮಗಳಿಗೆ ಮತ್ತೆ ಬಸಿರು, ಯಲಿಯೂರಿನ ದಾರಿಯಲ್ಲಿ ಅವತ್ತು ಎಷ್ಟು ಹಟ ಮಾಡಿದೆ ನಾನು ಎಂದು ನಕ್ಕರು. ನಾನು ಹೂಂ ಎನ್ನುತ್ತಾ ಹೋದೆ.

ಕಂಟ್ರಾಕ್ಟರ್ ಮನೆಯ ಅಂಗಳದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಕೆಳಗಿಳಿದೆ. ಅಷ್ಟು ದೂರ ಮಡಚಿಟ್ಟ ಎಡಗಾಲಿಗೆ ಜೋಮು ಹಿಡಿದಿತ್ತು, ನೆಲಕ್ಕೆ ಇಟ್ಟರೆ ಕಾಲೇ ಇಲ್ಲದಂತಿತ್ತು. ಆಕೆಯ ಕಡೆಯ ಬಾಗಿಲು ತೆಗೆಯಲೆಂದು, ಬಾನೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು, ಕುಂಟುತ್ತಾ ಮುಂದಿನಿಂದ ಸುತ್ತಿ ಬಂದೆ. ಗೌಡರು ದಿನಾ ಹಾಗೇ ಬಾನೆಟ್ ಹಿಡಿದು ಸುತ್ತಿ ಬರುತ್ತಿದ್ದರು ಎಂಬುದು ನನಗೆ ಆಗ ನೆನಪಿಗೆ ಬರಲಿಲ್ಲ.

ನಿಂಗಮ್ಮನವರು ಗಾಜಿನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದರು. ಸೆರಗು ಬಾಯಿಗೆ ಹೋಯಿತು.

“ಅಂಗೆ ನಡೀಬ್ಯಾಡ ಕಣಪ್ಪ,” ಎಂದರು. ದನಿ ಒಡೆದು ಅಳು ಬಂತು. “ಗಫೂರಪ್ಪ, ಅಂಗೆ ನಡೀಬ್ಯಾಡ.”

ನಾನು ಬಾನೆಟ್ ಮೇಲೆ ಕೈಯಿಟ್ಟು, ಅವರ ಅಳು ಮುಗಿಯುವವರೆಗೆ ಅಲ್ಲೇ ನಿಂತೆ.